ಬಾಕಿಯಾದ ಮಾತ್ರೆಗಳನ್ನೆಲ್ಲ ಒಟ್ಟಿಗೆ ನುಂಗಿದ್ದೇನೆ

ಪ್ರಶ್ನೆ: ನಮಸ್ಕಾರ ಡಾಕ್ಟರ್. ಆಶಾ ಕಾರ್ಯಕರ್ತೆ ಕೊಟ್ಟ ಗರ್ಭನಿರೋಧಕ ಮಾತ್ರೆ ಮಾಲಾ-ಎನ್ ತೆಗೆದುಕೊಳ್ಳುತ್ತಿದ್ದೇನೆ. ತಂಗಿಯ ಮದುವೆ ಓಡಾಟದಲ್ಲಿ ಮೂರು ದಿನ ಮರೆತೆ. ನಿನ್ನೆ ರಾತ್ರಿ ಬಾಕಿ ಮೂರು, ಆ ದಿನದ್ದೊಂದು, ನಾಲ್ಕು ಬಿಳಿ ಮಾತ್ರೆಗಳನ್ನು ಒಮ್ಮೆಗೇ ನುಂಗಿದೆ. ಬೆಳಗಿನಿಂದ ಹೊಟ್ಟೆ ತೊಳಸುತ್ತಿದೆ, ಒಮ್ಮೆ ವಾಂತಿಯೂ ಆಯಿತು. ಗರ್ಭಕೋಶಕ್ಕೆ ಏನಾದರೂ ಆಗುತ್ತದೆಯೇ?

ಸ್ತ್ರೀರೋಗ ತಜ್ಞೆ: ಏನೂ ಆಗುವುದಿಲ್ಲ. ತುರ್ತು ಗರ್ಭನಿರೋಧಕ ಮಾತ್ರೆ ಬರುವ ಮೊದಲು ನಾವೇ ಇಂಥ ನಾಲ್ಕು ಮಾತ್ರೆ ನುಂಗಿಸಿ, 12 ಗಂಟೆ ಬಿಟ್ಟು ಇನ್ನೂ ನಾಲ್ಕು ಕೊಡುತ್ತಿದ್ದೆವು. ಯುಜ್ಪೆ ವಿಧಾನ ಎಂದು ಅದರ ಹೆಸರು. ಅವರಿಗೂ ಹೀಗೆಯೇ ವಾಂತಿಯಾಗುತ್ತಿತ್ತು. ಸ್ತನ ನೋಯಬಹುದು, ನಡುವೆ ಸ್ವಲ್ಪ ರಕ್ತಸ್ರಾವ ಕಾಣಿಸಬಹುದು. ಗಂಜಿ, ಎಳನೀರು ಗುಟುಕು ಗುಟುಕಾಗಿ ಕುಡಿಯಿರಿ.

ಆದರೆ ಇದು ಅಂಗಡಿಯ ಸಾಲವಲ್ಲ, ಬಾಕಿ ತೀರಿಸಲು. ಮೂರು ದಿನ ತಪ್ಪಿದರೆ ನೆನಪಾದ ಕೂಡಲೇ ಒಂದು, ಆಮೇಲೆ ಎಂದಿನಂತೆ ದಿನಕ್ಕೊಂದು, ಜೊತೆಗೆ ಏಳು ದಿನ ಕಾಂಡೋಮ್. ಮೂರನೆಯ ವಾರದಲ್ಲಿ ಮರೆತಿದ್ದರೆ ಬಿಳಿ ಮಾತ್ರೆ ಮುಗಿಸಿ, ಪಟ್ಟಿಯ ಕೊನೆಯ ಕಂದು ಮಾತ್ರೆ ಬಿಟ್ಟು ನೇರ ಹೊಸ ಪಟ್ಟಿ ಶುರು ಮಾಡಿ. ಮೊದಲ ವಾರದಲ್ಲಿ ಮರೆತು, ಸಂಪರ್ಕವೂ ಆಗಿದ್ದರೆ ಇವತ್ತೇ ವೈದ್ಯರನ್ನು ಕಾಣಿ.

ಇನ್ನೊಬ್ಬರು: ಮೇಡಂ, ಇದೇ ಮಾತ್ರೆ ಪಟ್ಟಿ ಈಗಷ್ಟೇ ನನ್ನ ಎರಡು ವರ್ಷದ ಮಗನ ಕೈಗೆ ಸಿಕ್ಕಿತು. ಎರಡು ಬಿಳಿ, ಮೂರು ಕಂದು ಮಾತ್ರೆ ಕಾಣಿಸುತ್ತಿಲ್ಲ. ಮಗು ಆಡಿಕೊಂಡಿದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸು ಎನ್ನುತ್ತಿದ್ದಾರೆ ಅತ್ತೆ.

ಸ್ತ್ರೀರೋಗ ತಜ್ಞೆ: ಉಪ್ಪುನೀರು ಬೇಡವೇ ಬೇಡ, ಅದೇ ಇನ್ನೊಂದು ವಿಷ. ಎರಡು ಬಿಳಿ ಮಾತ್ರೆಗೆ ಹೆಚ್ಚೆಂದರೆ ವಾಂತಿ. ಕಂದು ಮಾತ್ರೆ ಕಬ್ಬಿಣದ್ದು, ಒಂದರಲ್ಲಿ ಸುಮಾರು 20 ಮಿಲಿಗ್ರಾಂ. ಮಗು 11 ಕಿಲೋ ಇದ್ದರೆ ಮೂರರಿಂದ ಕಿಲೋಗೆ ಆರು ಮಿಲಿಗ್ರಾಂ ಕೂಡ ಆಗುವುದಿಲ್ಲ. ತೊಂದರೆ ಶುರುವಾಗುವುದು ಕಿಲೋಗೆ 20ರ ಸುಮಾರಿಗೆ. ಆದರೆ ಒಂದು ಮಾತು: ಬಸುರಿಯರಿಗೆ ಕೊಡುವ ಕೆಂಪು ಮಾತ್ರೆ ಅದೇ ಡಬ್ಬಿಯಲ್ಲಿತ್ತೇ? ಅದರ ಒಂದೊಂದರಲ್ಲೂ 60 ಮಿಲಿಗ್ರಾಂ ಕಬ್ಬಿಣವಿದೆ. ಎಣಿಸಿ ಹೇಳಿ.

ಇನ್ನೊಬ್ಬರು: ಇತ್ತು. ಹತ್ತರ ಪಟ್ಟಿಯಲ್ಲಿ ಆರು ಉಳಿದಿವೆ. ನಾನು ಎಷ್ಟು ನುಂಗಿದ್ದೆನೋ ನೆನಪಿಲ್ಲ.

ಸ್ತ್ರೀರೋಗ ತಜ್ಞೆ: ನಾಲ್ಕೂ ಮಗುವಿನ ಹೊಟ್ಟೆ ಸೇರಿವೆ ಎಂದೇ ಹಿಡಿಯಿರಿ. ಆಗ ಲೆಕ್ಕ ಕಿಲೋಗೆ 27 ದಾಟುತ್ತದೆ. ಈಗಲೇ ಆಸ್ಪತ್ರೆಗೆ ಹೊರಡಿ, ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಮಗು ಆಡುತ್ತಿದೆ ಎಂದು ಕಾಯಬೇಡಿ. ಕಬ್ಬಿಣ ಹೆಚ್ಚಾದರೆ ಮೊದಲು ವಾಂತಿ ಭೇದಿ, ಆಮೇಲೆ ಕೆಲವು ಗಂಟೆ ಮಗು ಗೆಲುವಾದಂತೆಯೇ ಕಾಣಬಹುದು, ಒಳಗೆ ಯಕೃತ್ತು ಕೆಡುತ್ತಿರುತ್ತದೆ.

ಇನ್ನೊಬ್ಬರು: ಆಟೋ ಹತ್ತಿದೆವು. ಎರಡೂ ಪಟ್ಟಿಗಳು ಕೈಯಲ್ಲೇ ಇವೆ.

ಸ್ತ್ರೀರೋಗ ತಜ್ಞೆ: ಒಳ್ಳೆಯದು. ನುಂಗಿದ್ದು ಎಷ್ಟು ಗಂಟೆಗೆ ಎಂಬುದನ್ನೂ ಅಲ್ಲಿ ಹೇಳಿ.