‘ಮ್ಯಾಕ್ವಾರಿ’ ಹೆಸರಿನ ಜನ, ಊರು, ಕಂಪನಿಗಳು: ಪಟ್ಟಿ ಬಿಡಿಸೋದು ಹೇಗೆ?

ರಶ್ಮಿ_ಕೆ:
ಒಂದೇ ಅಪರೂಪದ ಮನೆತನದ ಹೆಸರು ಎಲ್ಲೆಲ್ಲಿ ಹರಡಿದೆ ಅಂತ ಪಟ್ಟಿ ಮಾಡ್ತಿದ್ದೇನೆ. ಆರಿಸಿಕೊಂಡಿದ್ದು ಮ್ಯಾಕ್ವಾರಿ. ವಿಶ್ವವಿದ್ಯಾಲಯ, ಬ್ಯಾಂಕು, ನಿಘಂಟು, ದ್ವೀಪ, ನದಿ, ಸ್ಕಾಟ್ಲೆಂಡಿನ ಒಬ್ಬ ದೇವತಾಶಾಸ್ತ್ರಜ್ಞ ಎಲ್ಲವೂ ಒಂದೇ ಹಾಳೆಯಲ್ಲಿ ಕಲಸಿಹೋಗಿವೆ. ಯಾರು ಯಾರ ವಂಶ, ಯಾವುದಕ್ಕೆ ಯಾರ ಹೆಸರು, ಹೇಗೆ ಗೊತ್ತುಮಾಡೋದು? ಸ್ಪೆಲಿಂಗ್ ಬೇರೆಯಿದ್ದವರನ್ನೂ ಸೇರಿಸಬೇಕಾ?

ಶ್ರೀಧರ_ಹೆಚ್:
ರಶ್ಮಿಯವರೇ, ಮೊದಲು ‘ಯಾರ ಮಕ್ಕಳು’, ‘ಯಾರ ಹೆಸರಿಟ್ಟಿದ್ದು’ ಅಂತ ಎರಡು ಕಾಲಂ ಮಾಡಿ. ಈ ಎರಡನ್ನು ಬೆರೆಸಿದ್ದರಿಂದಲೇ ನಿಮ್ಮ ಹಾಳೆ ಗೋಜಲಾಗಿರೋದು.

ಆಸ್ಟ್ರೇಲಿಯದಲ್ಲಿ ಈ ಹೆಸರಿರುವ ಪ್ರಮುಖ ಸ್ಥಳಗಳ ಮೂಲ ಒಬ್ಬರೇ: 1810ರಿಂದ 1821ರವರೆಗೆ ನ್ಯೂ ಸೌತ್ ವೇಲ್ಸ್ ಗವರ್ನರ್ ಆಗಿದ್ದ ಲಾಕ್ಲನ್ ಮ್ಯಾಕ್ವಾರಿ. ದ್ವೀಪಕ್ಕೆ 1810ರಲ್ಲಿ, ನದಿಗೆ 1813ರಲ್ಲಿ, ಪೋರ್ಟ್ ಮ್ಯಾಕ್ವಾರಿಗೆ 1818ರಲ್ಲಿ ಆ ಹೆಸರು ಬಿತ್ತು. ಅವರ ಒಬ್ಬನೇ ಮಗ 1845ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಹಾಗಾಗಿ ಇವತ್ತು ಆ ಹೆಸರಿನವರು ಯಾರೇ ಸಿಕ್ಕರೂ ಅವರನ್ನು ಗವರ್ನರ್ ವಂಶವೃಕ್ಷದ ಕೆಳಗೆ ಹಾಕಬೇಡಿ. ಊರಿಗೆ ಆ ಹೆಸರಿದೆ ಅಂದ ಮಾತ್ರಕ್ಕೆ ಅಲ್ಲಿ ಆ ಮನೆತನ ನೆಲೆಸಿತ್ತು ಅಂತಲೂ ಅಲ್ಲ.

ಹಲವರು ದ್ವೀಪವನ್ನು ನ್ಯೂ ಸೌತ್ ವೇಲ್ಸ್ ಕೆಳಗೆ ಬರೆದುಬಿಡುತ್ತಾರೆ. ಅದು ಸೇರಿರೋದು ಟಾಸ್ಮೇನಿಯಾಕ್ಕೆ.

ಹೆಸರು ಹುಡುಕಿದರೆ ಸಿಗದವೂ ಇವೆ. ಲಾಕ್ಲನ್ ನದಿ ಗವರ್ನರ್ ಅವರ ಮೊದಲ ಹೆಸರಿಂದ ಬಂದಿದ್ದು. ಸಿಡ್ನಿ ಹತ್ತಿರದ ಕ್ಯಾಂಬೆಲ್‌ಟೌನ್ ಅವರ ಹೆಂಡತಿ ಎಲಿಜಬೆತ್ ಅವರ ತವರುಮನೆ ಹೆಸರಿಂದ. ಇವನ್ನು ಬಿಟ್ಟರೆ ಪಟ್ಟಿ ಅರ್ಧ ಮಾತ್ರ.

ವಂಶಾವಳಿ_ಓದುಗ:
ಸ್ಪೆಲಿಂಗ್ ವಿಚಾರ. ‘ಆರ್’ ಒಂದು ಅಥವಾ ಎರಡು, ಮುಂದೆ ಪೂರ್ತಿ ‘ಮ್ಯಾಕ್’ ಅಥವಾ ಬರೀ ‘ಎಂಸಿ’, ಎಲ್ಲವನ್ನೂ ಹುಡುಕಿ. ಆದರೆ ದಾಖಲೆಯಲ್ಲಿ ಕಂಡಂತೆಯೇ ಬರೆದುಕೊಳ್ಳಿ, ಒಂದೇ ರೂಪಕ್ಕೆ ತಿದ್ದಬೇಡಿ. ದೇವತಾಶಾಸ್ತ್ರಜ್ಞ ಜಾನ್ ಮ್ಯಾಕ್ವಾರಿ (1919–2007) ಎರಡು ‘ಆರ್’. ಕಲಾವಿದ ರಾಲ್ಫ್ ಮ್ಯಾಕ್ವಾರಿ (1929–2012) ‘ಎಂಸಿ’ ಮತ್ತು ಎರಡು ‘ಆರ್’.

ಸೌಂಡೆಕ್ಸ್ (ಉಚ್ಚಾರಣೆ ಹೋಲುವ ಹೆಸರುಗಳಿಗೆ ಒಂದೇ ಕೋಡ್ ಕೊಡುವ ವಿಧಾನ) ಹುಡುಕಾಟದಲ್ಲಿ ಈ ಎಲ್ಲ ರೂಪಗಳಿಗೂ ಎಂ260 ಅನ್ನೋ ಒಂದೇ ಕೋಡ್ ಬರುತ್ತೆ. ತೊಂದರೆ ಏನಂದರೆ ಮೆಕ್‌ಗ್ವಾಯರ್, ಮೇಜರ್, ಮಜೂರ್ ಕೂಡ ಎಂ260ಯೇ. ಸಿ, ಕ್ಯೂ, ಜಿ, ಜೆ, ಝಡ್ ಎಲ್ಲಕ್ಕೂ 2, ಆರ್‌ಗೆ 6 ಕೊಟ್ಟು ಸ್ವರಗಳನ್ನು ಬಿಟ್ಟುಬಿಡೋದೇ ಇದಕ್ಕೆ ಕಾರಣ. ‘ಮ್ಯಾಕ್’ ಬಿಟ್ಟ ‘ಕ್ವಾರಿ’ಗೆ ಕ್ಯೂ600 ಆಗೋದರಿಂದ ಅದು ಈ ಬಲೆಗೆ ಬೀಳೋದೇ ಇಲ್ಲ, ಪ್ರತ್ಯೇಕ ಹುಡುಕಬೇಕು.

ಲೆಕ್ಕದ_ಮೇಷ್ಟ್ರು:
ಕಂಪನಿಗಳಿಗೆ ಹೆಸರು ನಂಬಬೇಡಿ, ನಂಬರ್ ನೋಡಿ. ಆಸ್ಟ್ರೇಲಿಯದ ಎಬಿಎನ್‌ಗೆ (ವ್ಯವಹಾರದ ನೋಂದಣಿ ಸಂಖ್ಯೆ) 11 ಅಂಕಿ, ಎಸಿಎನ್‌ಗೆ (ಕಂಪನಿಯ ನೋಂದಣಿ ಸಂಖ್ಯೆ) 9. ಕಂಪನಿಯಾದರೆ ಸಾಮಾನ್ಯವಾಗಿ ಎಬಿಎನ್‌ನ ಕೊನೆಯ 9 ಅಂಕಿಯೇ ಎಸಿಎನ್. ಇಬ್ಬರ ಎಸಿಎನ್ ಬೇರೆಬೇರೆಯಾದರೆ ಕಾನೂನಿನ ಪ್ರಕಾರ ಬೇರೆ ಕಂಪನಿ. ಒಂದೇ ಗುಂಪಿನದಾ ಅಂತ ತಿಳಿಯೋಕೆ ವಾರ್ಷಿಕ ವರದಿಯಲ್ಲಿ ಅಂಗಸಂಸ್ಥೆಗಳ ಪಟ್ಟಿ ನೋಡಿ.

ಬ್ಯಾಂಕು 1969ರಲ್ಲಿ ಹಿಲ್ ಸ್ಯಾಮ್ಯುಯೆಲ್ ಆಸ್ಟ್ರೇಲಿಯಾ ಅಂತ ಶುರುವಾಗಿ, 1985ರಲ್ಲಿ ಮ್ಯಾಕ್ವಾರಿ ಬ್ಯಾಂಕ್ ಆಯ್ತು. ಷೇರುಪೇಟೆಯಲ್ಲಿ ಅದರ ಸಮೂಹದ ಕೋಡ್ ಎಂಕ್ಯೂಜಿ. ಎಂಎಕ್ಯೂ ಅನ್ನೋದು 1992ರಲ್ಲಿ ಶುರುವಾದ ಟೆಲಿಕಾಂ ಕಂಪನಿ. ಬ್ಯಾಂಕಿಗೂ ಅದಕ್ಕೂ ಸಂಬಂಧವಿಲ್ಲ. ಷೇರುಪೇಟೆ ಸುದ್ದಿ ಓದುವಾಗ ಇವೆರಡನ್ನು ಅದಲುಬದಲು ಮಾಡಿಕೊಳ್ಳೋದು ಸುಲಭ.

ಬ್ಯಾಂಕಿಗೆ ಗವರ್ನರ್ ನಂಟಿನ ಕುರುಹು ಲೋಗೋದಲ್ಲೇ ಇದೆ. ನಾಣ್ಯದ ಕೊರತೆ ನೀಗಿಸಲು ಗವರ್ನರ್ 1813ರಲ್ಲಿ ಸ್ಪ್ಯಾನಿಷ್ ಡಾಲರಿನ ನಡುಭಾಗ ಕತ್ತರಿಸಿ, ಹೊರಬಳೆಗೆ 5 ಶಿಲ್ಲಿಂಗ್, ನಡುವಿನ ತುಂಡಿಗೆ 15 ಪೆನ್ಸ್ ಬೆಲೆ ಕಟ್ಟಿದರು. ಲೋಗೋ ಆ ತೂತಿನ ನಾಣ್ಯವೇ.

ರಶ್ಮಿ_ಕೆ:
ತುಂಬ ಉಪಕಾರ ಆಯ್ತು. ನಿಘಂಟನ್ನೂ ನೇರ ಗವರ್ನರ್ ಹೆಸರಿಗೇ ಜೋಡಿಸಲಾ?

ಶ್ರೀಧರ_ಹೆಚ್:
ಬೇಡ. 1981ರ ನಿಘಂಟಿಗೆ ಹೆಸರು ಬಂದಿದ್ದು ವಿಶ್ವವಿದ್ಯಾಲಯದಿಂದ, 1964ರ ವಿಶ್ವವಿದ್ಯಾಲಯಕ್ಕೆ ಗವರ್ನರ್‌ರಿಂದ. ಪ್ರತಿ ಸಾಲಿನಲ್ಲೂ ಅದರ ಹಿಂದಿನ ಒಂದು ಕೊಂಡಿ ಮಾತ್ರ ಬರೆದು, ಪಕ್ಕದಲ್ಲಿ ಹೆಸರಿಟ್ಟ ವರ್ಷ ಹಾಕಿ.