ಡೀಸೆಲ್‌ಗೆ ರಬ್ಬರ್ ಗ್ಲೌಸ್ ಯಾಕೆ ಉಬ್ಬುತ್ತದೆ?

ಪ್ರಶ್ನೆ (ಗ್ಯಾರೇಜ್, ದಾವಣಗೆರೆ): ಸರ್, ಬೈಕ್ ಚೈನು, ಬೇರಿಂಗ್ ತೊಳೆಯಲು ಹುಡುಗರಿಗೆ ಕಿತ್ತಳೆ ಬಣ್ಣದ ರಬ್ಬರ್ ಗ್ಲೌಸ್ ತಂದುಕೊಟ್ಟೆ. ಸೀಮೆಎಣ್ಣೆ ಸಿಗಲ್ಲ ಅಂತ ಡೀಸೆಲ್‌ನಲ್ಲೇ ತೊಳೆಯುತ್ತೇವೆ. ನಾಲ್ಕೇ ದಿನಕ್ಕೆ ಬೆರಳು ಉಬ್ಬಿ ಅಂಟಂಟಾಗಿದೆ, ಎಳೆದರೆ ಕಿತ್ತು ಬರುತ್ತದೆ. ಅಂಗಡಿಯವರು ಡೂಪ್ಲಿಕೇಟ್ ಕೊಟ್ಟರಾ?

ಉತ್ತರ (ಕಾರ್ಖಾನೆ ಸೇಫ್ಟಿ ಆಫೀಸರ್, ಪೀಣ್ಯ): ಅಂಗಡಿಯವರನ್ನು ಬೈಯಬೇಡಿ. ಮಾಲು ಸರಿಯಾಗೇ ಇರಬಹುದು, ಹಚ್ಚಿದ ಕೆಲಸ ತಪ್ಪು. ಸುಳ್ಯ, ಪುತ್ತೂರು ಕಡೆ ರಬ್ಬರ್ ಮರ ಗೀರಿ ಹಾಲು ತೆಗೆಯುತ್ತಾರಲ್ಲ, ಆ ಗ್ಲೌಸ್ ಅಂಥ ಹಾಲಿನದ್ದೇ. ಸೋಪಿನ ನೀರು, ಸುಣ್ಣ, ನೀರು ಬೆರೆಸಿದ ಆಸಿಡ್ ಇವನ್ನೆಲ್ಲ ಚೆನ್ನಾಗಿ ತಡೆಯುತ್ತದೆ. ಎಣ್ಣೆಯ ಮುಂದೆ ಮಾತ್ರ ಸೋಲುತ್ತದೆ. ರಬ್ಬರ್, ಡೀಸೆಲ್ ಎರಡೂ ಒಂದೇ ಬಳಗ, ಹೈಡ್ರೋಕಾರ್ಬನ್, ಅಂದರೆ ಇಂಗಾಲ, ಹೈಡ್ರೋಜನ್ ಸೇರಿ ಆದದ್ದು. ಹಾಗಾಗಿ ಡೀಸೆಲ್ ರಬ್ಬರಿನೊಳಗೆ ಇಳಿದು ಕೂರುತ್ತದೆ, ಅವಲಕ್ಕಿ ನೀರು ಕುಡಿದ ಹಾಗೆ.

ಅನುಮಾನವಿದ್ದರೆ ಹೊಸ ಗ್ಲೌಸಿನ ಎರಡು ಬೆರಳು ಕತ್ತರಿಸಿ. ಒಂದನ್ನು ರಾತ್ರಿ ಡೀಸೆಲ್‌ನಲ್ಲಿ ನೆನೆಹಾಕಿ, ಬೆಳಿಗ್ಗೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ನಿಮಗೆ ಬೇಕಾದ್ದು ನೈಟ್ರೈಲ್ ಗ್ಲೌಸ್, ಎಣ್ಣೆ ತಡೆಯುವ ಕೃತಕ ರಬ್ಬರಿನದು. ಆಸ್ಪತ್ರೆಯಲ್ಲಿ ಹಾಕಿ ಬಿಸಾಕುವ ತೆಳು ನೀಲಿಯದಲ್ಲ, ಮೊಣಕೈ ಹತ್ತಿರದವರೆಗೆ ಬರುವ ದಪ್ಪನೆಯದು. ಬೆಲೆ ಜಾಸ್ತಿ, ಆದರೆ ವಾರಕ್ಕೊಂದು ಜೊತೆ ಕೊಳ್ಳುವುದು ತಪ್ಪುತ್ತದೆ.

ಅದೇ ಗ್ಯಾರೇಜ್‌ನವರು: ಪೇಂಟಿಂಗ್ ಕೂಡ ಮಾಡುತ್ತೇವೆ. ಥಿನ್ನರಿಗೂ ಇದೇ ನೈಟ್ರೈಲ್ ಗ್ಲೌಸ್ ನಡೆಯುತ್ತಾ?

ಉತ್ತರ: ನಂಬಬೇಡಿ. ಥಿನ್ನರಿನಲ್ಲಿ ಅಸಿಟೋನ್ ಜಾತಿಯದು ಇದ್ದರೆ ನೈಟ್ರೈಲೂ ಬೇಗ ಸೋಲುತ್ತದೆ. ಅಸಿಟೋನ್‌ಗೆ ಬ್ಯೂಟೈಲ್ ಅನ್ನುವ ಇನ್ನೊಂದು ಕೃತಕ ರಬ್ಬರಿನ ಗ್ಲೌಸ್ ಬೇಕು. ಥಿನ್ನರ್ ಡಬ್ಬಿಯ ಮೇಲೆ ಏನೇನು ಬೆರೆಸಿದ್ದಾರೆ ಅಂತ ಓದಿ. ಗ್ಲೌಸಿನ ಪ್ಯಾಕೆಟ್ ಮೇಲೆ ಇಎನ್ 374 (ಕೆಮಿಕಲ್ ತಡೆಯುವ ಗ್ಲೌಸಿನ ಯುರೋಪಿನ ಮಾನದಂಡ) ಅಂತ ಬರೆದು, ಗಾಜಿನ ಕುಪ್ಪಿಯ ಚಿತ್ರದ ಕೆಳಗೆ ಇಂಗ್ಲಿಷ್ ಅಕ್ಷರಗಳಿರುತ್ತವೆ. ‘ಬಿ’ ಅಂದರೆ ಅಸಿಟೋನ್, ‘ಜೆ’ ಅಂದರೆ ಪೆಟ್ರೋಲ್ ಬಳಗದ ಹೆಪ್ಟೇನ್, ‘ಕೆ’ ಅಂದರೆ ಕಾಸ್ಟಿಕ್ ಸೋಡಾ. ಡೀಸೆಲ್‌ಗೆ ‘ಜೆ’ ಹುಡುಕಿ.

ತೂತಿಲ್ಲ ಅಂದರೆ ಒಳಗೆ ಇಳಿಯಲ್ಲ ಅಂತ ಅಂದುಕೊಳ್ಳುತ್ತೇವೆ, ಅಲ್ವಾ? 1996ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಲ್ಯಾಬಿನಲ್ಲಿ ಕೆಮಿಸ್ಟ್ ಕರೆನ್ ವೆಟರ್‌ಹಾನ್ ಅವರ ಲೇಟೆಕ್ಸ್ (ರಬ್ಬರ್ ಹಾಲಿನ) ಗ್ಲೌಸ್ ಮೇಲೆ ಡೈಮೀಥೈಲ್ ಮರ್ಕ್ಯುರಿ ಎಂಬ ಪಾದರಸದ ವಿಷದ ಹನಿ ಬಿತ್ತು. ಗ್ಲೌಸ್ ಹರಿದಿರಲಿಲ್ಲ. ಸೆಕೆಂಡುಗಳಲ್ಲಿ ವಿಷ ಚರ್ಮಕ್ಕೆ ಇಳಿದಿತ್ತು. ಮರುವರ್ಷ ಅವರು ತೀರಿಕೊಂಡರು. ನಿಮ್ಮ ಥಿನ್ನರ್ ಅಷ್ಟು ಘೋರವಲ್ಲ, ಆದರೂ ಒಳಗೆ ತಣ್ಣಗಾದಂತೆ ಅನಿಸಿದರೆ ತಕ್ಷಣ ಬಿಚ್ಚಿ.

ಪ್ರಶ್ನೆ (ಹೌಸ್‌ಕೀಪಿಂಗ್, ಮೈಸೂರು): ಸರ್, ಇಡೀ ದಿನ ಗ್ಲೌಸ್ ಹಾಕಿ ಬಾತ್‌ರೂಮ್ ತೊಳೆಯುತ್ತೇವೆ. ಕೈ ಬೆಳ್ಳಗೆ ಸುಕ್ಕಾಗಿ ತುರಿಸುತ್ತದೆ.

ಉತ್ತರ: ಅದು ಹೆಚ್ಚಾಗಿ ಬೆವರಿನ ಕಾಟ ಅಮ್ಮಾ. ಒಳಗೆ ತೆಳ್ಳನೆ ಹತ್ತಿಯ ಗ್ಲೌಸ್ ಹಾಕಿ, ಒದ್ದೆಯಾದರೆ ಬದಲಿಸಿ. ಎತ್ತರದ ಗೋಡೆ ಉಜ್ಜುವಾಗ ಗ್ಲೌಸಿನ ಬಾಯಿಯನ್ನು ಹೊರಗೆ ಮಡಚಿಕೊಳ್ಳಿ, ಇಳಿದ ನೀರು ಮಡಿಕೆಯಲ್ಲೇ ನಿಲ್ಲುತ್ತದೆ. ಕೆಲಸ ಮುಗಿದ ಮೇಲೆ ಕೈಯಲ್ಲಿರುವಾಗಲೇ ಸೋಪಿನಲ್ಲಿ ತೊಳೆದು ಆಮೇಲೆ ಬಿಚ್ಚಿ, ನೆರಳಲ್ಲಿ ಒಣಗಿಸಿ. ಬಿಸಿಲಿಗೆ ರಬ್ಬರ್ ಬಿರುಕು ಬಿಡುತ್ತದೆ. ಮೈಮೇಲೆ ದದ್ದು ಎದ್ದರೆ, ಉಸಿರು ಕಟ್ಟಿದರೆ ಅದು ಲೇಟೆಕ್ಸ್ ಅಲರ್ಜಿ ಇರಬಹುದು. ಸುಮ್ನೆ ಬಿಡಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಮತ್ತೆ, ಬ್ಲೀಚಿಗೆ ಆಸಿಡ್ ಬೆರೆಸಲೇಬೇಡಿ. ಕ್ಲೋರಿನ್ ಗಾಳಿ ಏಳುತ್ತದೆ, ಅದಕ್ಕೆ ಯಾವ ಗ್ಲೌಸೂ ಅಡ್ಡ ಬರುವುದಿಲ್ಲ.

ಪ್ರಶ್ನೆ: ಸ್ವಿಚ್‌ಬೋರ್ಡ್ ಬಿಚ್ಚಲು ಅಡುಗೆಮನೆ ಗ್ಲೌಸ್ ಸಾಕಾ?

ಉತ್ತರ: ಬೇಡ. ಲೈನ್‌ಮನ್‌ಗಳ ಗ್ಲೌಸ್ ವೋಲ್ಟೇಜ್ ಕೊಟ್ಟು ಪರೀಕ್ಷೆ ಮಾಡಿದ್ದು, ಅದಕ್ಕೇ ಬೇರೆ ಭಾರತೀಯ ಮಾನದಂಡ, ಐಎಸ್ 4770 ಇದೆ. ನೀವು ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್‌ನ ಕರೆಯಿರಿ.

ಗ್ಯಾರೇಜ್‌ನವರು (ಮರುದಿನ): ನೆನೆಹಾಕಿದ್ದ ಬೆರಳು ತೆಗೆದೆ ಸರ್. ಕಿರುಬೆರಳಿನದು ಕತ್ತರಿಸಿದ್ದೆ, ಈಗ ಹೆಬ್ಬೆರಳಿಗೆ ದೊಗಳೆ.