1931ರ ಖಾನೇಷುಮಾರಿ (ಜನಗಣತಿ) ಅಂಕಿಗಳನ್ನು ಇವತ್ತಿನ ತಾಲ್ಲೂಕಿಗೆ ಹೊಂದಿಸುವುದು ಹೇಗೆ?

ನಾಲೆಬಯಲು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾಗಮಂಗಲ, ಕೃಷ್ಣರಾಜಪೇಟೆ ಸೀಮೆಯ ಸ್ಥಳೀಯ ಇತಿಹಾಸದ ಪುಸ್ತಕವೊಂದಕ್ಕೆ 1871ರಿಂದ 1951ರವರೆಗಿನ ಜನಸಂಖ್ಯೆಯ ಪಟ್ಟಿ ಬೇಕಾಗಿದೆ. 1931ರ ಮೈಸೂರು ಸಂಪುಟವನ್ನು ಆಧಾರವಾಗಿಟ್ಟುಕೊಂಡು ಹಿಂದಕ್ಕೂ ಮುಂದಕ್ಕೂ ಹೋಗುತ್ತಿದ್ದೇವೆ. ನಾಲ್ಕು ಕಡೆ ಕೆಲಸ ನಿಂತಿದೆ.

1931ಕ್ಕೂ 1941ಕ್ಕೂ ನಡುವೆ ಮೈಸೂರು ಜಿಲ್ಲೆಯ ಜನ ಒಮ್ಮೆಲೇ ಕಡಿಮೆಯಾದಂತೆ ಕಾಣುತ್ತದೆ. 1931ರ ವಯಸ್ಸಿನ ಅಂಕಿಗಳು 1921ರ ಜೊತೆ ತಾಳೆಯಾಗುತ್ತಿಲ್ಲ. ಜಾತಿವಾರು ಸಂಖ್ಯೆ ಹೋಬಳಿ ಅಥವಾ ಗ್ರಾಮ ಮಟ್ಟದಲ್ಲಿ ಸಿಗುತ್ತದೆಯೇ? ಕೊನೆಯದಾಗಿ, ಊರಿನ ಹಿರಿಯರು ತಮ್ಮ ಅಜ್ಜ, ಮುತ್ತಜ್ಜಂದಿರ ಹೆಸರಿರುವ ಹಾಳೆ ಎಲ್ಲಿದೆ ಎಂದು ಕೇಳುತ್ತಿದ್ದಾರೆ. ಅದು ಎಲ್ಲಾದರೂ ಉಳಿದಿದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ಹಳೇಕಡತ:

ಮೊದಲ ತೊಡಕಿಗೆ ಕಾರಣ ಮಂಡ್ಯ. 1939ರಲ್ಲಿ ಮೈಸೂರು ಜಿಲ್ಲೆಯನ್ನು ಒಡೆದು ಮಂಡ್ಯ ಜಿಲ್ಲೆ ಮಾಡಿದರು. 1931ರಲ್ಲಿ ಮೈಸೂರು ಸಂಸ್ಥಾನಕ್ಕೆ ಇದ್ದದ್ದು ಎಂಟು ಜಿಲ್ಲೆ: ಬೆಂಗಳೂರು, ಕೋಲಾರ, ತುಮಕೂರು, ಮೈಸೂರು, ಹಾಸನ, ಕಡೂರು, ಶಿವಮೊಗ್ಗ, ಚಿತ್ರದುರ್ಗ. ನಿಮ್ಮ ಎರಡೂ ತಾಲ್ಲೂಕುಗಳು ಆಗ ಮೈಸೂರು ಜಿಲ್ಲೆಯ ಲೆಕ್ಕದಲ್ಲಿದ್ದವು, 1941ರಲ್ಲಿ ಮಂಡ್ಯದ ಲೆಕ್ಕಕ್ಕೆ ಬಂದವು. ಜನ ಎಲ್ಲೂ ಹೋಗಲಿಲ್ಲ, ಗಡಿ ಸರಿಯಿತು ಅಷ್ಟೇ.

ಆದ್ದರಿಂದ ಜಿಲ್ಲೆಯ ಮೊತ್ತದಿಂದ ಕೂಡಿ ಕಳೆಯುವ ಕೆಲಸವನ್ನೇ ಬಿಡಿ, ತಾಲ್ಲೂಕಿನಿಂದ ಶುರು ಮಾಡಿ. 1931ರ ಮಾಲೆಯಲ್ಲಿ ಮೈಸೂರಿನದು 25ನೇ ಸಂಪುಟ. ಮೊದಲ ಭಾಗ ವರದಿ, ಎರಡನೆಯದು ಕೋಷ್ಟಕಗಳು. ಎರಡನೇ ಭಾಗದ ಹಿಂಬದಿಯಲ್ಲಿ ಇಂಪೀರಿಯಲ್ (ಇಡೀ ದೇಶಕ್ಕೆ ಒಂದೇ ನಮೂನೆಯ) ಟೇಬಲ್‌ಗಳು ಮುಗಿದ ಮೇಲೆ ಪ್ರಾವಿನ್ಷಿಯಲ್ (ಆಯಾ ಪ್ರಾಂತ್ಯ, ಸಂಸ್ಥಾನದ್ದೇ ಆದ) ಟೇಬಲ್‌ಗಳು ಬರುತ್ತವೆ. ತಾಲ್ಲೂಕುವಾರು ವಿಸ್ತೀರ್ಣ, ಜನಸಂಖ್ಯೆ ಅದರ 1ನೇ ಟೇಬಲ್‌ನಲ್ಲಿದೆ. ಬಹಳ ಜನ ಇಂಪೀರಿಯಲ್ 2ನೇ ಟೇಬಲ್ (50 ವರ್ಷದ ಏರಿಳಿತ) ನೋಡಿ ಅಲ್ಲಿಗೇ ನಿಲ್ಲುತ್ತಾರೆ. ಅದು ಜಿಲ್ಲೆಯಿಂದ ಕೆಳಕ್ಕೆ ಇಳಿಯುವುದಿಲ್ಲ.

ತಾಲ್ಲೂಕಿನ ಜನಸಂಖ್ಯೆ ಬರೆದುಕೊಳ್ಳುವಾಗ ಪಕ್ಕದಲ್ಲೇ ವಿಸ್ತೀರ್ಣವನ್ನೂ ಬರೆದುಕೊಳ್ಳಿ. ಒಂದು ಗಣತಿಯಿಂದ ಇನ್ನೊಂದಕ್ಕೆ ಚದರ ಮೈಲಿ ಗಮನಾರ್ಹವಾಗಿ ಬದಲಾಗಿದ್ದರೆ ಹೋಬಳಿ ಆಚೀಚೆ ಆಗಿದೆ ಎಂದು ಅನುಮಾನಿಸಬೇಕು, ಅಥವಾ ಮೋಜಣಿ (ಭೂಮಿ ಅಳತೆ) ಪರಿಷ್ಕರಣೆ ಆಗಿರಬೇಕು. ಎರಡರಲ್ಲಿ ಯಾವುದು ಎಂಬುದು ಟೇಬಲ್‌ನ ಅಡಿಟಿಪ್ಪಣಿಯಲ್ಲಿ ಇರುತ್ತದೆ. ಅಡಿಟಿಪ್ಪಣಿ ಓದದೆ ಅಂಕಿ ಎತ್ತಿಕೊಳ್ಳುವುದರಿಂದಲೇ ಸ್ಥಳೀಯ ಇತಿಹಾಸಗಳಲ್ಲಿ ಅರ್ಧ ತಪ್ಪುಗಳು ಹುಟ್ಟುತ್ತವೆ.

ಹೆಸರುಗಳ ಬಗ್ಗೆಯೂ ಎಚ್ಚರ ಇರಲಿ. ಹಿಂದಿನ ಸಂಪುಟಗಳಲ್ಲಿ ಕೃಷ್ಣರಾಜಪೇಟೆ ಎಂದು ಹುಡುಕಿದರೆ ಸಿಗುವುದಿಲ್ಲ, ಅತ್ತಿಕುಪ್ಪೆ ಎಂದು ನೋಡಬೇಕು. ಪಾಂಡವಪುರ ಫ್ರೆಂಚ್ ರಾಕ್ಸ್ ಆಗಿರುತ್ತದೆ, ರಾಮನಗರ ಕ್ಲೋಸ್‌ಪೇಟೆ ಆಗಿರುತ್ತದೆ. ಇನ್ನೊಂದು ವಿಷಯ: 1882ರಲ್ಲಿ ಹಾಸನ ಮತ್ತು ಚಿತ್ರದುರ್ಗ ಜಿಲ್ಲೆಗಳನ್ನು ರದ್ದು ಮಾಡಿ 1886ರಲ್ಲಿ ಮತ್ತೆ ಸ್ಥಾಪಿಸಿದರು. ಆ ಅವಧಿಯಲ್ಲಿ ತಾಲ್ಲೂಕುಗಳು ಬಹಳ ಓಡಾಡಿವೆ. 1881 ಮತ್ತು 1891ರ ಜಿಲ್ಲಾ ಮೊತ್ತಗಳನ್ನು ನೇರವಾಗಿ ಪಕ್ಕಪಕ್ಕ ಇಡಬೇಡಿ.

ಗ್ರಾಮವಾರು ಅಂಕಿ ಬೇಕಿದ್ದರೆ ನಿಮಗೆ ಕೈಗೆಟುಕುವ ಮೊದಲ ವ್ಯವಸ್ಥಿತ ಮಾಲೆ 1951ರ ಜಿಲ್ಲಾ ಜನಗಣತಿ ಕೈಪಿಡಿಗಳು. 1931ರ ಮುಖ್ಯ ಸಂಪುಟದಲ್ಲಿ ಗ್ರಾಮಗಳು ಗಾತ್ರವಾರು ಎಣಿಕೆಯಲ್ಲಿ ಮಾತ್ರ ಬರುತ್ತವೆ (500ಕ್ಕಿಂತ ಕಡಿಮೆ ಜನರಿರುವ ಹಳ್ಳಿ ಎಷ್ಟು ಎಂಬ ರೀತಿ), ಹೆಸರಿಟ್ಟು ಬರುವುದಿಲ್ಲ. ಜಾತಿಯದು ಇಂಪೀರಿಯಲ್ 17ನೇ ಟೇಬಲ್, ಅದು ಜಿಲ್ಲೆಗೇ ನಿಲ್ಲುತ್ತದೆ. ಜಿಲ್ಲೆಯ ಶೇಕಡಾವಾರನ್ನು ತಾಲ್ಲೂಕಿನ ಜನಸಂಖ್ಯೆಗೆ ಗುಣಿಸಿ "ನಮ್ಮ ತಾಲ್ಲೂಕಿನಲ್ಲಿ ಇಂತಿಷ್ಟು" ಎಂದು ಬರೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಜಾತಿ ಜಿಲ್ಲೆಯ ಎಲ್ಲ ತಾಲ್ಲೂಕುಗಳಲ್ಲಿ ಒಂದೇ ಪ್ರಮಾಣದಲ್ಲಿ ಹರಡಿರುವುದಿಲ್ಲ.

ಮುತ್ತಜ್ಜಂದಿರ ಹೆಸರಿನ ಹಾಳೆ ಸಿಗುವುದಿಲ್ಲ. ಷೆಡ್ಯೂಲಿನಲ್ಲಿ (ಗಣತಿದಾರ ತುಂಬುವ ಪ್ರಶ್ನೆಗಳ ಹಾಳೆ) ಹೆಸರು ಬರೆದಿದ್ದು ನಿಜ. ಆದರೆ ಅದರಿಂದ ತಲೆಗೊಂದರಂತೆ ಚೀಟಿಗೆ ಇಳಿಸಿ, ಕೋಷ್ಟಕ ಮಾಡಿ, ಲೆಕ್ಕ ಮುಗಿದ ಮೇಲೆ ಮೂಲ ಹಾಳೆಗಳನ್ನು ವಿಲೇವಾರಿ ಮಾಡುವುದೇ ಪದ್ಧತಿಯಾಗಿತ್ತು. ಮನೆತನದ ಹೆಸರುಗಳಿಗೆ ಭೂದಾಖಲೆ, ಇನಾಂ ಕಡತ, ಶಾಲಾ ದಾಖಲಾತಿ ಪುಸ್ತಕ, ಜನನ ಮರಣ ನೋಂದಣಿ ಇವುಗಳ ಬೆನ್ನು ಹತ್ತಬೇಕು.

ಸೀಮೆಕಲ್ಲು:

ಗಡಿಯ ವಿಷಯ ಮೇಲೆ ಬಂದಿದೆ. ಅಂಕಿ ಹುಟ್ಟಿದ ಬಗೆ ತಿಳಿದಿದ್ದರೆ ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು ಎಂಬುದು ತಾನಾಗಿ ಗೊತ್ತಾಗುತ್ತದೆ. ಅದನ್ನಷ್ಟು ಸೇರಿಸುತ್ತೇನೆ.

1931ರದು ಒಂದೇ ರಾತ್ರಿಯ ಎಣಿಕೆ, ಫೆಬ್ರವರಿ 26. ಭಾರತದ ಜನಗಣತಿ ಕಮಿಷನರ್ ಜೆ.ಎಚ್. ಹಟ್ಟನ್. ಆದರೆ ಎಲ್ಲ ಬರವಣಿಗೆಯೂ ಆ ರಾತ್ರಿಯದಲ್ಲ. ಮೊದಲು ಮನೆಗಳಿಗೆ ನಂಬರು ಹಾಕಿದರು. ಸುಮಾರು 30ರಿಂದ 50 ಮನೆ ಸೇರಿ ಒಂದು ಬ್ಲಾಕ್, ಅದಕ್ಕೊಬ್ಬ ಗಣತಿದಾರ. ಹತ್ತು ಹದಿನೈದು ಬ್ಲಾಕಿಗೆ ಒಂದು ಸರ್ಕಲ್, ಅದಕ್ಕೊಬ್ಬ ಮೇಲ್ವಿಚಾರಕ. ಅದರ ಮೇಲೆ ಚಾರ್ಜ್, ಸಾಮಾನ್ಯವಾಗಿ ಇಡೀ ತಾಲ್ಲೂಕು, ನಮ್ಮಲ್ಲಿ ಅಮಲ್ದಾರರ (ತಾಲ್ಲೂಕಿನ ಮುಖ್ಯ ಅಧಿಕಾರಿ) ಹೊಣೆ. ಹಳ್ಳಿಗಳಲ್ಲಿ ಬರವಣಿಗೆಯ ಭಾರ ಬಹುಪಾಲು ಶ್ಯಾನುಭೋಗರು ಮತ್ತು ಮೇಷ್ಟ್ರುಗಳ ಮೇಲೆ, ಅದೂ ಸಂಬಳವಿಲ್ಲದ ಕೆಲಸ. ಗಣತಿಯ ದಿನಕ್ಕೆ ಕೆಲವು ವಾರ ಮೊದಲೇ ಮನೆಮನೆಗೆ ಹೋಗಿ 18 ಪ್ರಶ್ನೆಗಳ ಷೆಡ್ಯೂಲನ್ನು ಕಪ್ಪು ಶಾಯಿಯಲ್ಲಿ ತುಂಬಿಕೊಂಡರು. ಗಣತಿಯ ರಾತ್ರಿ ಅದೇ ಹಾಳೆ ಹಿಡಿದು ಮತ್ತೆ ಸುತ್ತಿ ಕೆಂಪು ಶಾಯಿಯಲ್ಲಿ ತಿದ್ದಿದರು: ಸತ್ತವರನ್ನು, ಊರು ಬಿಟ್ಟು ಹೋದವರನ್ನು ಹೊಡೆದುಹಾಕುವುದು, ಹುಟ್ಟಿದ ಮಗುವನ್ನು, ಬಂದ ನೆಂಟರನ್ನು ಸೇರಿಸುವುದು. ಆ ರಾತ್ರಿ ಎಲ್ಲಿದ್ದರೋ ಅಲ್ಲಿಯ ಲೆಕ್ಕ. ಸ್ವಂತ ಊರು ಯಾವುದು ಎಂಬುದು ಮುಖ್ಯವಲ್ಲ.

ದಿನ ಆರಿಸಿದ್ದರಲ್ಲೂ ಲೆಕ್ಕಾಚಾರವಿದೆ. ಕತ್ತಲಲ್ಲಿ ಕಂದೀಲು ಹಿಡಿದು ಮನೆಯಿಂದ ಮನೆಗೆ ಹೋಗಬೇಕಾದ್ದರಿಂದ ಬೆಳದಿಂಗಳು ಬೇಕು, ಜಾತ್ರೆ, ಹಬ್ಬ, ಮದುವೆಯ ದಿನ ಬೇಡ. 1901ರ ಮಾರ್ಚ್ 1, 1911ರ ಮಾರ್ಚ್ 10, 1921ರ ಮಾರ್ಚ್ 18, 1931ರ ಫೆಬ್ರವರಿ 26, ಪಂಚಾಂಗ ತೆಗೆದು ನೋಡಿ, ನಾಲ್ಕೂ ಶುಕ್ಲಪಕ್ಷದ ನವಮಿ, ದಶಮಿಯ ಆಸುಪಾಸಿನಲ್ಲೇ ಬೀಳುತ್ತವೆ. ಸಂಜೆಯಿಂದ ನಡುರಾತ್ರಿಯವರೆಗೆ ಚಂದ್ರ ಮೇಲಿರುತ್ತಾನೆ.

ಇದರಿಂದ ನಿಮ್ಮ ಕೆಲಸಕ್ಕೆ ಏನು ಪರಿಣಾಮ? ಫೆಬ್ರವರಿ ಕೊನೆಯೆಂದರೆ ಬಯಲುಸೀಮೆಯಲ್ಲಿ ಸುಗ್ಗಿ ಮುಗಿದು ಕೂಲಿಗೆ ಹೊರಗೆ ಹೋಗುವ ಕಾಲ. ಹೊರಗೆ ಹೋದ ಗಂಡಸರು ಹೋದ ಕಡೆಯೇ ಎಣಿಕೆಯಾಗುತ್ತಾರೆ. ಕಡೂರು ಜಿಲ್ಲೆಯ ಕಾಫಿ ತೋಟಗಳಲ್ಲಿ ದಕ್ಷಿಣ ಕನ್ನಡದಿಂದ ಬಂದ ಆಳುಗಳು ಆ ಜಿಲ್ಲೆಯ ಲೆಕ್ಕಕ್ಕೆ ಸೇರುತ್ತಾರೆ. ಒಂದು ತಾಲ್ಲೂಕಿನಲ್ಲಿ ಸಾವಿರ ಗಂಡಸರಿಗೆ ಹೆಂಗಸರ ಸಂಖ್ಯೆ ಹಠಾತ್ತನೆ ಏರಿದ್ದರೆ ಅಥವಾ ಇಳಿದಿದ್ದರೆ ಹುಟ್ಟು ಸಾವಿನ ಕಾರಣ ಹುಡುಕುವ ಮೊದಲು ಇಂಪೀರಿಯಲ್ 6ನೇ ಟೇಬಲ್, ಅಂದರೆ ಜನ್ಮಸ್ಥಳದ್ದು, ನೋಡಿ. ಪ್ಲೇಗಿನ ವರ್ಷಗಳಲ್ಲಿ ಇನ್ನೊಂದು ತೊಂದರೆ: ಪಟ್ಟಣ ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಂಡವರು ಅಕ್ಕಪಕ್ಕದ ಹಳ್ಳಿಯ ಲೆಕ್ಕಕ್ಕೆ ಹೋಗಿಬಿಡಬಹುದು.

ಬೇರೆ ಪ್ರಾಂತ್ಯಗಳ ಅಂಕಿ ಬಳಸುವವರಿಗೆ ಒಂದು ಮಾತು. 1931ರಲ್ಲಿ ಕಾನೂನುಭಂಗ ಚಳವಳಿಯ ಕಾವು ಇತ್ತು. ಕಾಂಗ್ರೆಸ್ಸು ಜನವರಿ 11ನ್ನು ಗಣತಿ ಬಹಿಷ್ಕಾರದ ದಿನವಾಗಿ ಆಚರಿಸಿತು. ಅಹಮದಾಬಾದಿನಂಥ ನಗರಗಳಲ್ಲಿ ಎಣಿಕೆಗೆ ಪೆಟ್ಟು ಬಿತ್ತು.

ಸರಾಸರಿ:

ವಯಸ್ಸಿನ ಪ್ರಶ್ನೆಗೆ ಯಾರೂ ಕೈ ಹಾಕಲಿಲ್ಲ, ಅದನ್ನು ಹೇಳುತ್ತೇನೆ. ನಿಮ್ಮ ಅಂಕಿ ತಾಳೆಯಾಗದಿರುವುದಕ್ಕೆ ಅಚ್ಚಿನ ತಪ್ಪು ಕಾರಣವಲ್ಲ. 1931ರಲ್ಲಿ ವಿಧಾನವನ್ನೇ ಬದಲಿಸಿದರು.

1921ರವರೆಗೆ ತುಂಬಿದ ವರ್ಷ ಕೇಳುತ್ತಿದ್ದರು. ಜನ ವಯಸ್ಸು ಹೇಳುವುದು 20, 25, 30, 40 ಎಂದೇ. ಹೀಗಾಗಿ 0 ಮತ್ತು 5ರಲ್ಲಿ ಕೊನೆಯಾಗುವ ವಯಸ್ಸುಗಳಲ್ಲಿ ಗುಡ್ಡೆ ಬೀಳುತ್ತಿತ್ತು. 25–30ರ ಗುಂಪು ಮಾಡಿದರೆ ನಿಜವಾಗಿ 23, 24 ಇದ್ದವರೂ "25" ಎಂದು ಹೇಳಿ ಅದರೊಳಕ್ಕೆ ಬಂದುಬಿಡುತ್ತಿದ್ದರು. ಇದನ್ನು ಸರಿಪಡಿಸಲು 1931ರಲ್ಲಿ ಎರಡು ಕೆಲಸ ಮಾಡಿದರು. ಒಂದು, ಹತ್ತಿರದ ಹುಟ್ಟುಹಬ್ಬಕ್ಕೆ ವಯಸ್ಸು ಬರೆಯುವುದು: ಆರು ತಿಂಗಳೊಳಗಿನ ಮಗು 0, ಒಂದೂವರೆ ವರ್ಷ ದಾಟಿದ್ದರೆ 2. ಎರಡು, ಚೀಟಿಗಳನ್ನು ವಿಂಗಡಿಸುವಾಗ 4–6, 7–13, 14–16, 17–23, 24–26 ಹೀಗೆ ಮೂರು ವರ್ಷ, ಏಳು ವರ್ಷದ ಗುಂಪುಗಳು. 5, 15, 25 ಇವು ಮೂರರ ಗುಂಪಿನ ನಡುವೆ ಬೀಳುತ್ತವೆ, 10, 20, 30 ಏಳರ ಗುಂಪಿನ ನಡುವೆ. ಗುಡ್ಡೆ ಗುಂಪಿನ ಅಂಚಿಗೆ ಬೀಳದೆ ಮಧ್ಯಕ್ಕೆ ಬರುತ್ತದೆ. ಆಮೇಲೆ ಪ್ರತಿ ಗುಂಪನ್ನು ಅರ್ಧ ಮಾಡಿ ಅಕ್ಕಪಕ್ಕದ ಐದು ವರ್ಷದ ಗುಂಪುಗಳಿಗೆ ಹಂಚಿದರು.

ಲೆಕ್ಕ ತೋರಿಸಲು ಕಲ್ಪಿತ ಅಂಕಿ ತೆಗೆದುಕೊಳ್ಳಿ. 7–13ರಲ್ಲಿ 1,400 ಜನ, 14–16ರಲ್ಲಿ 600 ಜನ ಇದ್ದರೆ ಅಚ್ಚಾದ ಟೇಬಲ್‌ನಲ್ಲಿ 10–15ರ ಗುಂಪು 700 + 300 = 1,000. ಅಂದರೆ ನೀವು ಓದುತ್ತಿರುವುದು ನೇರ ಎಣಿಕೆಯಲ್ಲ, ಹದಗೊಳಿಸಿದ ಅಂಕಿ. 1921ರ 10–15ಕ್ಕೂ 1931ರ 10–15ಕ್ಕೂ ವ್ಯತ್ಯಾಸ ತೆಗೆದು "ಈ ವಯಸ್ಸಿನವರು ಹೆಚ್ಚಾದರು" ಎಂದು ಬರೆದರೆ ತಪ್ಪಾಗುತ್ತದೆ. 0–15, 15–40, 40–60, 60 ದಾಟಿದವರು ಎಂದು ದೊಡ್ಡ ಗುಂಪು ಮಾಡಿ ಹೋಲಿಸಿದರೆ ದೋಷ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಉದ್ಯೋಗದ ಟೇಬಲ್‌ಗೂ ಇದೇ ಎಚ್ಚರಿಕೆ. 1921ರಲ್ಲಿ ದುಡಿಯುವವರು ಮತ್ತು ಅವಲಂಬಿತರು ಎಂಬ ಎರಡೇ ಭಾಗ. 1931ರಲ್ಲಿ ಸಂಪಾದಿಸುವವರು, ದುಡಿಯುವ ಅವಲಂಬಿತರು, ದುಡಿಯದ ಅವಲಂಬಿತರು ಎಂದು ಮೂರು. ಹೊಲದಲ್ಲಿ ಗೇಯುವ ಹೆಂಗಸು ಯಾವ ಕಾಲಂಗೆ ಹೋದಳು ಎಂಬುದು ಗಣತಿದಾರನ ತಿಳಿವಳಿಕೆಗೆ ಬಿಟ್ಟದ್ದು. ಹೆಂಗಸರ ದುಡಿಮೆ ಹತ್ತು ವರ್ಷದಲ್ಲಿ ಏರಿತು, ಇಳಿಯಿತು ಎಂಬ ತೀರ್ಮಾನಕ್ಕೆ ಈ ಅಂಕಿಗಳು ಸಾಲವು.

ಸಾಕ್ಷರತೆಯಲ್ಲಿ ಪರೀಕ್ಷೆ ಸ್ಪಷ್ಟ: ಸ್ನೇಹಿತನಿಗೆ ಕಾಗದ ಬರೆದು, ಬಂದ ಉತ್ತರ ಓದಬಲ್ಲವನೇ ಸಾಕ್ಷರ. 1881, 1891ರಲ್ಲಿ ಕಲಿಯುತ್ತಿರುವವರು ಎಂಬ ಮೂರನೇ ವರ್ಗವಿತ್ತು, 1901ರಿಂದ ಅದು ಹೋಯಿತು. ಶೇಕಡಾ ತೆಗೆಯುವಾಗ ಛೇದದಲ್ಲಿ ಇಡೀ ಜನಸಂಖ್ಯೆಯೋ 5 ವರ್ಷ ಮೇಲ್ಪಟ್ಟವರೋ ಎಂದು ನೋಡಿಕೊಳ್ಳಿ. 1991ರಿಂದ ಈಚೆಗಿನದು 7 ವರ್ಷ ಮತ್ತು ಮೇಲ್ಪಟ್ಟವರ ಲೆಕ್ಕ.

ನಾಲೆಬಯಲು:

ಬಹಳ ಉಪಕಾರವಾಯಿತು. ಇನ್ನೆರಡು ಸಂದೇಹ. 1871ಕ್ಕಿಂತ 1881ರಲ್ಲಿ ಜನ ಕಡಿಮೆ ಇರುವುದು ಎಣಿಕೆಯ ದೋಷವೋ ನಿಜವೋ? 1941ರ ಸಂಪುಟದಲ್ಲಿ ಜಾತಿ, ವಯಸ್ಸಿನ ಟೇಬಲ್‌ಗಳೇ ಕಾಣುತ್ತಿಲ್ಲವಲ್ಲ?

ಹಳೇಕಡತ:

ನಿಜ, ಭಯಂಕರವಾದ ನಿಜ. ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50,55,412, 1881ರಲ್ಲಿ 41,86,188. ಎಂಟೂಮುಕ್ಕಾಲು ಲಕ್ಷಕ್ಕೆ ಸಮೀಪದ ಇಳಿತ, ಶೇ. 17. ನಡುವೆ 1876–78ರ ಬರಗಾಲ ಬಂದಿದೆ. 1871ರದು ಇಡೀ ದೇಶದಲ್ಲಿ ಏಕಕಾಲಕ್ಕೆ ನಡೆದ ಎಣಿಕೆಯಲ್ಲ, 1881ರ ಫೆಬ್ರವರಿ 17ರದೇ ಅಂಥ ಮೊದಲ ಗಣತಿ. ಎಣಿಕೆಯಲ್ಲಿ ಸಣ್ಣಪುಟ್ಟ ಲೋಪ ಇದ್ದೀತು. ಆದರೆ ಇಷ್ಟು ದೊಡ್ಡ ಕುಸಿತವನ್ನು ಲೋಪದ ಲೆಕ್ಕಕ್ಕೆ ಹಾಕಲು ಬರುವುದಿಲ್ಲ. ಅದನ್ನು ತುಂಬಿಕೊಳ್ಳಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು: 1891ರಲ್ಲಿ 49,43,604, ಇನ್ನೂ 1871ರ ಮಟ್ಟ ಮುಟ್ಟಿರಲಿಲ್ಲ. 1901ರಲ್ಲಿ 55,39,399. ಪುಸ್ತಕದಲ್ಲಿ 1871ರಿಂದ 1901ಕ್ಕೆ ನೇರ ಗೆರೆ ಎಳೆದು "ನಿಧಾನ ಬೆಳವಣಿಗೆ" ಎಂದು ದಯವಿಟ್ಟು ಬರೆಯಬೇಡಿ. ನಡುವಿನ ಎರಡು ಅಂಕಿಗಳನ್ನು ತೋರಿಸಲೇಬೇಕು.

ಮುಂದಿನವು: 1911ರಲ್ಲಿ 58,06,193, 1921ರಲ್ಲಿ 59,78,892, 1931ರಲ್ಲಿ 65,57,302, 1941ರಲ್ಲಿ 73,29,140. 1911–21ರ ದಶಕದಲ್ಲಿ ಶೇ. 3ರಷ್ಟೇ ಏರಿಕೆ. 1918ರ ಇನ್‌ಫ್ಲುಯೆನ್ಜಾ ಅದಕ್ಕೆ ದೊಡ್ಡ ಕಾರಣ. ಇವೆಲ್ಲ ಹಳೆ ಸಂಸ್ಥಾನದ ಅಂಕಿಗಳು. ಅಂತರ್ಜಾಲದಲ್ಲಿ 1931ಕ್ಕೆ 1,46,32,992 ಎಂದು ಕಂಡರೆ ಅದು ಇವತ್ತಿನ ಕರ್ನಾಟಕದ ಗಡಿಗೆ ಹೊಂದಿಸಿದ್ದು: ಮುಂಬಯಿ, ಹೈದರಾಬಾದ್, ಮದ್ರಾಸು, ಕೊಡಗಿನ ಭಾಗಗಳೂ ಸೇರಿದ ಲೆಕ್ಕ. ಒಂದೇ ಪಟ್ಟಿಯಲ್ಲಿ ಎರಡನ್ನೂ ಬೆರೆಸಬೇಡಿ.

ಸೀಮೆಕಲ್ಲು:

1941ರದು ಯುದ್ಧಕಾಲದ ಗಣತಿ. ಎಣಿಕೆ ನಡೆಯಿತು, ಆದರೆ ಖರ್ಚು ಉಳಿಸಲು ಕೋಷ್ಟಕಗಳನ್ನು ಬಹಳ ಮೊಟಕು ಮಾಡಿದರು. ಒಂದೇ ರಾತ್ರಿಯ ಪದ್ಧತಿಯನ್ನೂ ಆಗಲೇ ಕೈಬಿಟ್ಟರು. ಷೆಡ್ಯೂಲಿನಿಂದ ನಕಲು ಮಾಡುವ ಬದಲು ಗಣತಿದಾರರು ನೇರವಾಗಿ ಚೀಟಿಯ ಮೇಲೆಯೇ ಬರೆದರು. ಐವತ್ತಕ್ಕೆ ಒಂದರಂತೆ ಚೀಟಿ ತೆಗೆದಿಟ್ಟ ವೈ ಮಾದರಿ ಎಂಬುದೊಂದಿದೆ, ವಯಸ್ಸಿನ ಅಂದಾಜುಗಳು ಆಮೇಲೆ ಅದರಿಂದ ಬಂದವು. ಶೇ. 2ರ ಮಾದರಿಯನ್ನು ತಾಲ್ಲೂಕಿಗೆ ಇಳಿಸಲು ಹೋಗಬೇಡಿ. ನಿಮ್ಮ ಪಟ್ಟಿಯಲ್ಲಿ 1941ಕ್ಕೆ ಒಟ್ಟು ಜನಸಂಖ್ಯೆ, ಗಂಡು, ಹೆಣ್ಣು ಇಷ್ಟನ್ನೇ ಹಾಕಿ, ಉಳಿದ ಅಂಕಣಗಳನ್ನು ಖಾಲಿ ಬಿಟ್ಟು ಕೆಳಗೆ ಕಾರಣ ಬರೆಯಿರಿ.